ಮಾವನ ನಾಲಿಗೆಗೆ ಮೂರು ತಿಂಗಳು

ನಮ್ಮ ಮನೆಯಲ್ಲಿ ಒಲೆ ಹೊತ್ತಿಸಿದ ದಿನ ಒಂದಿಲ್ಲೊಂದು ನಗೆಪಾಟಲಿನ ಪ್ರಸಂಗ ನಡೆದೇ ನಡೆಯುತ್ತದೆ. ಒಲೆಯ ಮೇಲೆ ಎಣ್ಣೆ ಇಡಬೇಡ ಎಂದು ಡಾಕ್ಟರು ಹೇಳಿದ ಮೇಲಂತೂ ದಿನಕ್ಕೆ ಎರಡು ನಡೆಯತೊಡಗಿದವು.

ನಾವಿರುವುದು ಶಹಾಪುರದಲ್ಲಿ. ನನ್ನ ಮಾವ ಭೀಮರಾಯನಗುಡಿ ಕ್ಯಾಂಪಿನಲ್ಲಿ ಮೂವತ್ತು ವರ್ಷ ಕಾಲುವೆಯ ಗೇಟು ಏರಿಸಿ ಇಳಿಸಿ ನಿವೃತ್ತರಾದವರು. ನಮ್ಮ ಮನೆಯವರು ಹತ್ತಿ ಮಿಲ್ಲಿಗೆ ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ನನ್ನ ನಾದಿನಿಗೆ ಎರಡನೆಯ ಹೆರಿಗೆ ಎಂದು ಅತ್ತೆ ಆಗಷ್ಟೇ ಸುರಪುರಕ್ಕೆ ಹೋಗಿ ಅವಳ ಮನೆಯಲ್ಲಿ ಉಳಿದಿದ್ದರು. ಹಗಲೆಲ್ಲ ಮನೆಯಲ್ಲಿ ಇರುತ್ತಿದ್ದವರು ನಾನು, ಹದಿಮೂರು ತಿಂಗಳ ನನ್ನ ಮಗಳು ಮತ್ತು ಮಾವ. ಇಬ್ಬರಲ್ಲಿ ಯಾರನ್ನು ಹಿಡಿದು ಕೂರಿಸುವುದು ಕಷ್ಟ ಎಂದು ಕೇಳಿದರೆ ನಾನು ಮಗಳ ಹೆಸರು ಹೇಳುವುದಿಲ್ಲ.

೧. ಡಾಕ್ಟರಿಗೆ ಒಂದು ಪ್ರಶ್ನೆ

ಒಂದು ದಿನ ಮಾವನಿಗೆ ಎದೆ ಹಿಡಿದಂತಾಯಿತು. ಯಾದಗಿರಿಗೆ ಕರೆದುಕೊಂಡು ಹೋದೆವು. ಡಾಕ್ಟರು ಇಸಿಜಿ ಎಂದು ಎದೆಬಡಿತದ ಪಟ್ಟಿ ತೆಗೆದರು, ರಕ್ತ ನೋಡಿದರು. ರಕ್ತದಲ್ಲಿ ಕೊಬ್ಬು ತುಂಬಿದೆ, ಗುಳಿಗೆ ಬರೆದುಕೊಡುತ್ತೇನೆ, ಆದರೆ ಗುಳಿಗೆಯೊಂದೇ ಸಾಲದು, ಕರಿದದ್ದು, ವನಸ್ಪತಿ ಹಾಕಿದ್ದು, ಬಂಡಿಯ ಮೇಲೆ ಕಾಯಿಸಿದ್ದನ್ನೇ ಕಾಯಿಸುವ ಎಣ್ಣೆಯ ತಿಂಡಿ, ಎಲ್ಲ ಬಂದ್ ಎಂದರು. ಬೇಡವಾದದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದೂ ಕೊಟ್ಟರು. ಮೂರು ತಿಂಗಳ ಮೇಲೆ ಮತ್ತೆ ರಕ್ತ ನೋಡುವುದು. ಕೊಬ್ಬು ಇಳಿದಿದ್ದರೆ ಸರಿ, ಇಳಿಯದಿದ್ದರೆ ಕಲಬುರಗಿಗೆ ಕಳಿಸುವುದು. ಅಲ್ಲಿ ನಳಿಗೆ ಹಾಕಿ ಎದೆಯೊಳಗೆ ನೋಡುತ್ತಾರಂತೆ.

ಕಲಬುರಗಿ ಎಂದದ್ದೇ ತಡ, ಮಾವನ ಮುಖ ಸಣ್ಣದಾಯಿತು. ಅವರ ಜೊತೆ ಗೇಟಿನ ಮೇಲೆ ಕೆಲಸಕ್ಕಿದ್ದ ಗೆಳೆಯರೊಬ್ಬರು ಹೀಗೆಯೇ ಎದೆ ಹಿಡಿದುಕೊಂಡು ಕಲಬುರಗಿಗೆ ಹೋಗಿದ್ದರು. ಅವರು ತಿರುಗಿ ಬಂದದ್ದು ಬಿಳಿ ಗಾಡಿಯಲ್ಲಿ, ಮಲಗಿಕೊಂಡು. ತವರೂರು ಕೊಂಕಲ್‌ನಲ್ಲಿ ನನ್ನ ಅಪ್ಪ ತೀರಿಕೊಂಡಾಗ ನಾನು ಎಂಟನೆಯ ಕ್ಲಾಸಿನಲ್ಲಿದ್ದೆ. ಮದುವೆಯಾಗಿ ಬಂದ ಮೇಲೆ ಸಿಕ್ಕ ಇನ್ನೊಬ್ಬ ಅಪ್ಪನನ್ನು ಒಂದು ತಟ್ಟೆ ಮಿರ್ಚಿ ಭಜಿಗೆ ಬಿಟ್ಟುಕೊಡುವ ಮನಸ್ಸು ನನಗಿರಲಿಲ್ಲ.

ಮಾವ ಹೆದರಿದರೇನೋ ಸರಿ, ಆದರೆ ಹೆದರಿಕೆಗೂ ವಾದಕ್ಕೂ ಅವರಲ್ಲಿ ಬೇರೆ ಬೇರೆ ಖಾನೆಗಳಿವೆ. ಎದ್ದು ಬಾಗಿಲ ತನಕ ಹೋದವರು ತಿರುಗಿ ನಿಂತರು.

"ಡಾಕ್ಟರ್ ಸಾಹೇಬ್ರ, ದೇವರು ಬೇವಿಗೆ ಕಹಿ ಇಟ್ಟಾನ, ತಿನ್ನಬ್ಯಾಡ ಅಂತ. ಕೊಳೆತದ್ದಕ್ಕ ನಾತ ಇಟ್ಟಾನ, ಮುಟ್ಟಬ್ಯಾಡ ಅಂತ. ಭಜಿ ಅಷ್ಟು ಕೆಟ್ಟದ್ದಾಗಿದ್ರ ಅದಕ್ಕ ಇಷ್ಟು ರುಚಿ ಯಾಕ ಇಡತಿದ್ದ?"

ಹೊರಗೆ ಪಾಳಿ ಹಚ್ಚಿದ್ದ ಜನರೂ ಕಿವಿ ನಿಮಿರಿಸಿದರು. ಡಾಕ್ಟರು ತಲೆ ಎತ್ತಲಿಲ್ಲ.

"ಭಜಿ ಮಾಡಿದವ ದೇವರಲ್ಲ ಅಜ್ಜಾ, ಬಸ್‌ಸ್ಟ್ಯಾಂಡಿನ ಬಂಡಿಯವ."

ಶಹಾಪುರದಲ್ಲಿ ಬಸ್ಸಿನಿಂದ ಇಳಿಯುವಾಗ ಮಾವ ಮೆಲ್ಲಗೆ ಅಂದರು: "ನನಗ ಅವನೂ ಏನ್ ಕಡಿಮಿ ಅಲ್ಲ."

೨. ಗೇಜು ಸರಿಯಾಗಿಯೇ ಇತ್ತು

ಅಂದಿನಿಂದ ಮನೆಯಲ್ಲಿ ಎರಡು ಪಕ್ಷಗಳಾದವು. ಕೊಬ್ಬಿನ ರುಚಿ ಮನುಷ್ಯನಿಗೆ ಹುಟ್ಟಿನಿಂದಲೇ ಬಂದದ್ದು, ಅದನ್ನು ಬಿಡು ಎಂದರೆ ಉಸಿರು ಬಿಡು ಎಂದಂತೆ ಎನ್ನುವುದು ಮಾವನ ಪಕ್ಷ. ಅದು ಬರೀ ರೂಢಿ, ಇಪ್ಪತ್ತು ವರ್ಷ ಬಂಡಿಯ ಮುಂದೆ ನಿಂತರೆ ಹುಲ್ಲೂ ರುಚಿ ಹತ್ತುತ್ತದೆ ಎನ್ನುವುದು ನನ್ನ ಪಕ್ಷ. ನಾನು ಓದಿದ್ದು ಹತ್ತನೆಯ ತನಕ. ನಮ್ಮ ವಿಜ್ಞಾನದ ಪುಸ್ತಕದಲ್ಲಿ ಕೊಬ್ಬಿನಿಂದ ಶಕ್ತಿ ಬರುತ್ತದೆ ಎಂದಷ್ಟೇ ಇತ್ತು. ಮಾವನ ಬಗ್ಗೆ ಏನೂ ಇರಲಿಲ್ಲ.

ಹಾಗಾಗಿ ನಾನೇ ಒಂದು ಉಪಾಯ ಮಾಡಿದೆ. ಶೇಂಗಾ ಎಣ್ಣೆಯ ಬಿಳಿ ಕ್ಯಾನಿನ ಮೇಲೆ ಪೆನ್ನಿನಿಂದ ಗೀಟು ಹಾಕಿದೆ. ಅಡುಗೆ ಮುಗಿದ ಮೇಲೆ ಎಣ್ಣೆ ಎಲ್ಲಿಗೆ ನಿಂತಿದೆಯೋ ಅಲ್ಲಿಗೆ ಒಂದು ಗೀಟು. ಮರುದಿನ ಎಣ್ಣೆ ಗೀಟಿಗಿಂತ ಕೆಳಗಿದ್ದರೆ ಕಳ್ಳ ಸಿಕ್ಕ.

ಈ ಮನೆಯಲ್ಲಿ ಎಣ್ಣೆ ಕಳುವಾಗುವುದು ಹೇಗೆ ಎಂದರೆ, ನಮ್ಮ ಕಡೆ ಹಸಿ ಎಣ್ಣೆಯನ್ನೂ ಉಣ್ಣುತ್ತಾರೆ. ಶೇಂಗಾ ಕುಟ್ಟಿ ಮಾಡಿದ ಖಾರದ ಹಿಂಡಿಯನ್ನು ತಟ್ಟೆಯಲ್ಲಿ ಗುಡ್ಡೆ ಹಾಕಿ, ನಡುವೆ ಬೆರಳಿನಿಂದ ಗುಂಡಿ ಮಾಡಿ, ಗುಂಡಿ ತುಂಬ ಎಣ್ಣೆ ಹೊಯ್ದು ಬಿಸಿ ರೊಟ್ಟಿಯ ಜೊತೆ ಉಣ್ಣುವುದು. ಮಾವನ ಗುಂಡಿಯನ್ನು ನೋಡಿದವರು ಕೆರೆ ತೋಡಿದವರು ಯಾರು ಎಂದು ಕೇಳುತ್ತಿದ್ದರು.

ಎರಡು ವಾರ ಕಳೆಯಿತು. ಎಣ್ಣೆ ಒಂದು ಕೂದಲೆಳೆಯಷ್ಟೂ ಗೀಟು ತಪ್ಪಲಿಲ್ಲ. ಮಾವ ಎಷ್ಟು ಸುಧಾರಿಸಿದ್ದಾರೆ ಎಂದು ನಾನು ಫೋನಿನಲ್ಲಿ ಅತ್ತೆಗೆ ಹೇಳಿ ಹೊಗಳಿಸಿಕೊಂಡೆ.

ಕ್ಯಾನು ತಳಕ್ಕೆ ಬಂದ ದಿನ ಒಗ್ಗರಣೆಗೆಂದು ಬಾಣಲೆ ಕಾಯಿಸಿ ಕ್ಯಾನು ಬಗ್ಗಿಸಿದೆ. ಬಾಣಲೆ ಚಟಾರ್ ಎಂದು ಸಿಡಿಯಿತು. ಸಾಸಿವೆ ಸಿಡಿಯುವುದು ಗೊತ್ತು, ಇದು ಮದ್ದಿನ ಅಂಗಡಿ ಸಿಡಿದಂತೆ. ನಾನು ಹಿಂದಕ್ಕೆ ಹಾರಿದ್ದನ್ನು ಕಂಡು ಮಗಳು ಚಪ್ಪಾಳೆ ಹೊಡೆದಳು. ಒಲೆ ಆರಿಸಿ ಕ್ಯಾನನ್ನು ಲೋಟಕ್ಕೆ ಬಗ್ಗಿಸಿ ನೋಡಿದರೆ ಒಳಗಿದ್ದದ್ದು ನೀರು. ಅಂಚಿನಲ್ಲಿ ಮಾತ್ರ ಒಂದಿಷ್ಟು ಎಣ್ಣೆಯ ಬಳೆ.

ಮಾವ ಓಡಿ ಬಂದು ಮೊದಲು ನನ್ನ ಕೈ ನೋಡಿದರು, ಮುಖ ನೋಡಿದರು, ಎಲ್ಲೂ ಸುಟ್ಟಿಲ್ಲ ಎಂದು ಗೊತ್ತಾದ ಮೇಲೆ ನೆಲ ನೋಡಿದರು. ನಾನು ಮಗಳನ್ನು ಮಲಗಿಸುವ ಹೊತ್ತಿಗೆ ದಿನಾ ಎಣ್ಣೆ ಹೊಯ್ದುಕೊಂಡು, ಗೀಟು ಮುಟ್ಟುವ ತನಕ ನೀರು ತುಂಬಿಡುತ್ತಿದ್ದರಂತೆ. ನೀರು ತಳಕ್ಕೆ ಹೋಗಿ ಕೂರುತ್ತಿತ್ತು, ನನಗೆ ಮೇಲಿನ ಎಣ್ಣೆ ಬರುತ್ತಿತ್ತು. ಸೊಸೆಯ ಮುಖ ಸುಟ್ಟಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಅವರಿಗೆ ನಿಜಕ್ಕೂ ಕಣ್ಣು ತುಂಬಿ ಬಂದವು. ತಪ್ಪಾಯಿತು ಎಂದರು. ಆಮೇಲೆ ಮೂಗು ಒರೆಸಿಕೊಂಡು ಅಂದರು:

"ಮೂವತ್ತು ವರ್ಷ ಕಾಲುವಿ ಮ್ಯಾಲೆ ಗೇಜ್ ನೋಡೀನವ್ವ. ನೀರು ಕಡಿಮಿ ಆದ್ರ ಬೈತಿದ್ರು. ಹೆಚ್ಚಾಗ್ಯಾದ ಅಂತ ಯಾರೂ ಬೈದಿದ್ದಿಲ್ಲ."

೩. ಭಜಿಯ ಫೋಟೋ

ಬರೀ ಬೇಡ ಬೇಡ ಎಂದರೆ ಯಾರೂ ಕೇಳುವುದಿಲ್ಲ, ಬದಲಿಗೆ ಏನಾದರೂ ಕೊಡಬೇಕು ಎಂದು ನನಗೆ ಹೊಳೆಯಿತು. ಬಂಡಿಯವನು ತರುವ ಅಂಗಡಿಯಿಂದಲೇ ಕಡಲೆಹಿಟ್ಟು ತಂದೆ, ಅವನು ಆರಿಸುವಂಥದ್ದೇ ದಪ್ಪ ಮೆಣಸಿನಕಾಯಿ ತಂದೆ. ಹಿಟ್ಟಿಗೆ ಅಜವಾನ ಹಾಕಿದೆ. ಎಣ್ಣೆಯಲ್ಲಿ ಕರಿಯುವ ಬದಲು ಪಡ್ಡಿನ ಹಂಚಿನ ಕುಳಿಗಳಿಗೆ ಒಂದೊಂದು ಹನಿ ಎಣ್ಣೆ ಸವರಿ, ಮೆಣಸಿನಕಾಯಿಯನ್ನು ತುಂಡು ಮಾಡಿ ಹಿಟ್ಟಿನಲ್ಲಿ ಅದ್ದಿ ಬೇಯಿಸಿದೆ. ಒಂದು ತಾಸಿನ ಕೆಲಸ. ಒಂದು ಕಡೆ ಮಗಳು ಸೆರಗು ಎಳೆಯುತ್ತಿದ್ದಳು, ಇನ್ನೊಂದು ಕಡೆ ಮಾವ ಅಡುಗೆಮನೆಯ ಬಾಗಿಲಲ್ಲಿ ಇಣುಕುತ್ತಿದ್ದರು.

ತಟ್ಟೆಯಲ್ಲಿ ಜೋಡಿಸಿ ಪಕ್ಕಕ್ಕೆ ಉಳ್ಳಾಗಡ್ಡಿ ಹೆಚ್ಚಿ ಇಟ್ಟೆ. ನೋಡಲಿಕ್ಕೇನೋ ಚೆನ್ನಾಗಿತ್ತು. ಮಾವ ಒಂದನ್ನು ಬಾಯಿಗಿಟ್ಟರು. ಅಗಿದರು. ಬಹಳ ಹೊತ್ತು ಅಗಿದರು. ನುಂಗಿ ನೀರು ಕುಡಿದರು. ನನ್ನ ಮನಸ್ಸು ನೋಯಬಾರದು ಎಂದು ತಡೆದುಕೊಂಡದ್ದು ಕಾಣುತ್ತಿತ್ತು, ಆದರೆ ಅವರಿಗೆ ಅದು ಒಗ್ಗುವ ವಿದ್ಯೆಯಲ್ಲ.

"ಯವ್ವಾ, ಸಿಟ್ಟಿಗೇಳಬ್ಯಾಡ. ಇದು ಭಜಿ ಅಲ್ಲ. ಭಜಿ ತೀರಿಕೊಂಡ ಮ್ಯಾಲೆ ಗ್ವಾಡಿಗೆ ಹಾಕೂ ಫೋಟೋ."

ಉಳಿದವುಗಳನ್ನು ನಾನು ತಿಂದು ನೋಡಿದೆ. ಹೂಮಾಲೆ ಒಂದು ಕಡಿಮೆಯಿತ್ತು, ಅಷ್ಟೇ.

ಸಂಜೆ ಮಗಳನ್ನು ಎತ್ತಿಕೊಂಡು ನೆಟ್ಟಗೆ ಬಂಡಿಗೆ ಹೋದೆ. ನಮ್ಮ ಮಾವನಿಗೆ ಒಂದು ಭಜಿ ಕೊಟ್ಟರೂ ನಿನ್ನ ಬಂಡಿಯ ಮುಂದೆಯೇ ಕೂತು ಅಳುತ್ತೇನೆ, ಗಿರಾಕಿ ಯಾರು ಬರುತ್ತಾರೆ ನೋಡುತ್ತೇನೆ ಎಂದು ಬಂಡಿಯವನಿಗೆ ಹೇಳಿದೆ. ಅವನು ಕಿವಿ ಹಿಡಿದುಕೊಂಡ. ಇಪ್ಪತ್ತು ವರ್ಷದ ಗಿರಾಕಿ, ನನಗೂ ಅಪ್ಪ ಇದ್ದಂತೆ, ಸುದ್ದಿ ತಿಳಿದಾಗಿನಿಂದ ಒಂದೂ ಕೊಟ್ಟಿಲ್ಲ ಎಂದ. ಹಾಗಾದರೆ ದಿನಾ ನಾಲ್ಕು ಗಂಟೆಗೆ ಈ ಕಡೆ ಯಾಕೆ ಬರುತ್ತಾರೆ ಎಂದು ಕೇಳಿದೆ. ಬಂದು ಬಾಣಲೆಯ ಮುಂದೆ ನಿಲ್ಲುತ್ತಾರೆ, ಕಣ್ಣು ಮುಚ್ಚಿ ವಾಸನೆ ಎಳೆದುಕೊಳ್ಳುತ್ತಾರೆ, ಅರ್ಧ ತಾಸು ನಿಂತು ಹೋಗುತ್ತಾರೆ ಎಂದ.

ಇನ್ನು ಮೇಲೆ ಇಲ್ಲಿಗೆ ಕಳಿಸುವುದಿಲ್ಲ ಎಂದೆ. ಬಂಡಿಯವನು ಗಾಬರಿಯಾದ.

"ಹಂಗ ಮಾಡಬ್ಯಾಡ್ರಿ ಅಕ್ಕಾರ. ಅವರು ನಿಂತು ಆಸಿ ಮಾಡೂದು ನೋಡಿನೇ ಜನ ಬರಾಕತ್ಯಾರ."

೪. ಖಾಲಿ ಬಟ್ಟಲು

ನಮ್ಮ ಪಕ್ಕದ ಮನೆ ಚಾಚಿಯದು. ಚಾಚಿ ಮನೆಯಲ್ಲಿಯೇ ಸಮೋಸ ಮಾಡಿ ಚಹಾದ ಅಂಗಡಿಗಳಿಗೆ ಕೊಡುತ್ತಾರೆ. ನನ್ನ ಮಗಳಿಗೆ ಹಲ್ಲು ಬರುವಾಗ ನಿದ್ದೆಗೆಟ್ಟು ಎತ್ತಿಕೊಂಡವರು ಅವರು, ಹಾಗಾಗಿ ನನಗೆ ತಾಯಿ ಇದ್ದಂತೆ. ಆದರೆ ಬೈಯುವುದರಲ್ಲಿ ಅತ್ತೆ ಇದ್ದಂತೆ.

ನಮ್ಮ ಓಣಿಯಲ್ಲಿ ಒಂದು ಪದ್ಧತಿ ಇದೆ. ಯಾರದೇ ಮನೆಯ ಪಾತ್ರೆ ಬಂದರೂ ಖಾಲಿ ತಿರುಗಿಸಿ ಕೊಡುವಂತಿಲ್ಲ. ಒಂದು ಮುಷ್ಟಿ ಅಕ್ಕಿಯೋ, ಎರಡು ಲಿಂಬೆಹಣ್ಣೋ, ಏನಾದರೂ ಹಾಕಿಯೇ ಕೊಡಬೇಕು.

ಆ ತಿಂಗಳು ಮಾವನಿಗೆ ಇದ್ದಕ್ಕಿದ್ದಂತೆ ಮನೆಗೆಲಸದ ಮೇಲೆ ಪ್ರೀತಿ ಹುಟ್ಟಿತು. ಕುಡಿದ ನೀರಿನ ಲೋಟವನ್ನು ಎತ್ತಿಡದ ಮನುಷ್ಯ, ಚಾಚಿಯ ಮನೆಗೆ ಬಟ್ಟಲು ಮುಟ್ಟಿಸುವುದಿದ್ದರೆ ಕೊಡು, ನಾನು ಹೋಗುತ್ತೇನೆ ಎನ್ನತೊಡಗಿದರು. ಅವರ ಬಾಗಿಲಿಗೂ ನಮ್ಮ ಬಾಗಿಲಿಗೂ ಇಪ್ಪತ್ತು ಹೆಜ್ಜೆ. ಬರುವಾಗ ಆ ಇಪ್ಪತ್ತು ಹೆಜ್ಜೆಗೆ ಮಾವನಿಗೆ ಕಾಲು ತಾಸು ಹಿಡಿಯುತ್ತಿತ್ತು. ಡಾಕ್ಟರು ನಿಧಾನ ನಡೆಯಿರಿ ಎಂದದ್ದನ್ನು ಎಷ್ಟು ಚೆನ್ನಾಗಿ ಪಾಲಿಸುತ್ತಿದ್ದಾರೆ ಎಂದು ನಾನು ಮೆಚ್ಚಿಕೊಂಡೆ.

ಒಂದು ಮಧ್ಯಾಹ್ನ ಚಾಚಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು. ನಿನ್ನ ಜೊತೆ ಮಾತಿದೆ ಎಂದು ಒಳಗೆ ಕರೆದರು.

"ಬೇಟಿ, ಮನ್ಯಾಗ ಬೀಮಾರ್ ಮನುಷ್ಯಾ ಇದ್ದಾರ. ಅವರ ಮುಂದ ಕುಂತು ದಿನಾ ಆರು ಸಮೋಸ ತಿಂತಿಯಲ್ಲ, ನಿನಗ ದಿಲ್ ಹ್ಯಾಂಗ ಬರ್ತದ?"

ಯಾವ ಸಮೋಸ ಎಂದು ಕೇಳಿದೆ. ಮಾವ ದಿನಾ ಬಟ್ಟಲು ಹಿಡಿದು ಹೋಗಿ, ಸೊಸೆಗೆ ನಿಮ್ಮ ಸಮೋಸ ಎಂದರೆ ಪ್ರಾಣ, ಕೂಸಿಗೆ ಹಾಲು ಕೊಡುವವಳು, ಬೇಡ ಎನ್ನಲಿಕ್ಕೆ ಮನಸ್ಸಾಗುವುದಿಲ್ಲ ಎನ್ನುತ್ತಿದ್ದರಂತೆ. ಖಾಲಿ ಬಟ್ಟಲು ತಿರುಗಿಸಬಾರದಲ್ಲ, ಚಾಚಿ ಬೆಳಿಗ್ಗೆ ಮೂರು, ಸಂಜೆ ಮೂರು ಹಾಕುತ್ತಿದ್ದರು. ಇಪ್ಪತ್ತು ಹೆಜ್ಜೆಯ ನಡುವೆ ಮಾವ ಯಾರದೋ ಕಟ್ಟೆಯ ಮೇಲೆ ಕೂತು ಬಟ್ಟಲು ಖಾಲಿ ಮಾಡಿ, ಬಾಯಿ ಒರೆಸಿಕೊಂಡು ಬರುತ್ತಿದ್ದರು.

ನಾನು ನಡೆದದ್ದನ್ನೆಲ್ಲ ಹೇಳಿದೆ. ಚಾಚಿ ತಲೆಯ ಮೇಲೆ ಕೈ ಹೊತ್ತು ಕೂತರು. ನನ್ನ ಕೈಯಾರೆ ಆ ಮನುಷ್ಯನ ಎದೆಗೆ ಎಣ್ಣೆ ತುಂಬಿದೆನಲ್ಲ ಎಂದು ಕಣ್ಣೀರು ಹಾಕಿದರು. ನಾನೇ ಸಮಾಧಾನ ಮಾಡಿದೆ. ಎದ್ದು ಹೋಗುವಾಗ ಅವರಿಗೆ ಇನ್ನೊಂದು ನೆನಪಾಯಿತು. ಮಾವ ಕೊಡಲಿಕ್ಕೆ ಬರುವ ಬಟ್ಟಲೂ ಖಾಲಿ ಇರಬಾರದಲ್ಲ, ಅದರಲ್ಲಿ ಪ್ರತಿಸಲ ಕರಿಬೇವು ಇರುತ್ತಿತ್ತಂತೆ.

"ಆ ಕರಿಬೇವು ಕಳಸೂದೂ ನಿಲ್ಲಸು ಬೇಟಿ," ಎಂದರು. "ನಮ್ಮ ಹಿತ್ತಲ ಗಿಡ ಬೋಳಾಗ್ಯಾದ."

೫. ಬಾಣಂತಿಯ ಡಬ್ಬಿ

ಇಷ್ಟರಲ್ಲಿ ಸುರಪುರದಲ್ಲಿ ನಾದಿನಿ ಹೆತ್ತಳು. ಗಂಡು ಕೂಸು. ಮೊಮ್ಮಗನ ಮುಖ ನೋಡಿ ಬರುತ್ತೇನೆ ಎಂದು ಮಾವ ಹೊರಟು ನಿಂತರು. ಬೇಡ ಎನ್ನುವುದು ಹೇಗೆ? ಅಲ್ಲಿ ಅತ್ತೆ ಇದ್ದಾರೆ, ನೋಡಿಕೊಳ್ಳುತ್ತಾರೆ ಎಂದು ನನ್ನ ಲೆಕ್ಕ. ಬಸ್ಸು ಹತ್ತಿಸಿದೆ.

ಬಾಣಂತಿಯ ಮನೆಯಲ್ಲಿ ಏನೇನು ಇರುತ್ತದೆ ಎನ್ನುವುದು ನನಗೆ ಆಗ ಹೊಳೆಯಲಿಲ್ಲ. ನಾನೂ ಬಾಣಂತಿಯಾಗಿದ್ದವಳು, ಮರೆಯಬಾರದಿತ್ತು. ಒಣಕೊಬ್ಬರಿ, ಗೋಡಂಬಿ, ಉತ್ತತ್ತಿ, ತುಪ್ಪದಲ್ಲಿ ಹುರಿದ ಅಂಟು, ಎಲ್ಲ ಸೇರಿಸಿ ಕಟ್ಟಿದ ಅಂಟಿನುಂಡಿ ಡಬ್ಬಿ ತುಂಬ ಇರುತ್ತದೆ. ಅನ್ನದ ಮೇಲೆ ತುಪ್ಪ, ಪಾಯಸದ ಮೇಲೆ ತುಪ್ಪ. ಮಾವನನ್ನು ಅಲ್ಲಿಗೆ ಕಳಿಸಿದ್ದು ಬೆಕ್ಕನ್ನು ಹಾಲಿನ ಡೈರಿಗೆ ಕಾವಲು ಕಳಿಸಿದ ಹಾಗಾಯಿತು.

ಮೂರನೆಯ ದಿನ ನಾದಿನಿಯ ಫೋನ್ ಬಂತು. ಹಸಿ ಬಾಣಂತಿ, ದನಿ ಸಣ್ಣಗಿತ್ತು, ಸಿಟ್ಟು ಮಾತ್ರ ದಪ್ಪಗಿತ್ತು. ಅಪ್ಪ ಕೂಸಿನ ಮುಖ ಒಮ್ಮೆ ನೋಡಿದ, ಡಬ್ಬಿಯ ಮುಖ ಇಪ್ಪತ್ತು ಸಲ ನೋಡಿದ ಎಂದಳು. ಅಂಟಿನುಂಡಿಯ ಡಬ್ಬಿ ತಳ ಕಂಡಿದೆ, ಅವ್ವನಿಗೆ ಹೇಳಿದರೆ, ಪಾಪ, ಬಡವಾಗ್ಯಾರ, ತಿನ್ನಲಿ ಬಿಡು ಅಂತಾಳೆ ಎಂದಳು.

"ವೈನಿ, ನಮ್ಮವ್ವ ಬಾಣಂತನ ಮಾಡಾಕ ಬಂದದ್ದು ನನಗೋ ಅಪ್ಪಗೋ, ನೀವಾದ್ರೂ ಕೇಳಿ ಹೇಳ್ರಿ."

ಮಾವ ಮರುದಿನ ಬಂದರು. ನಾನು ಬಾಗಿಲಲ್ಲಿಯೇ ನಿಂತಿದ್ದೆ, ಬಾಯಿಯ ತುಂಬ ಮಾತು ಕಟ್ಟಿಕೊಂಡು. ಆದರೆ ಅವರು ಮೆಟ್ಟಿಲ ಮೇಲೆ ಕುಸಿದಂತೆ ಕೂತರು. ಬಸ್ಸು ಹತ್ತುವಾಗ ಎದೆ ಮತ್ತೆ ಹಿಡಿದಿತ್ತಂತೆ. ಸುರಪುರದಲ್ಲಿ ಯಾರಿಗೂ ಹೇಳಿರಲಿಲ್ಲ. "ಇಳೀಲಿಲ್ಲಂದ್ರ ಕಲಬುರಗಿಗೆ ಕಳಸ್ತಾರೇನವ್ವ?" ಎಂದು ಕೂಸಿನ ಹಾಗೆ ಕೇಳಿದರು. ನಾನು ಕಟ್ಟಿಕೊಂಡ ಮಾತನ್ನೆಲ್ಲ ನುಂಗಿ, ಗುಳಿಗೆ ಕೊಟ್ಟು, ಆ ಸಂಜೆಯೇ ಯಾದಗಿರಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಸದ್ಯಕ್ಕೆ ಭಯವಿಲ್ಲ, ಆದರೆ ಇನ್ನು ಒಂದು ಸಲವೂ ಪಥ್ಯ ತಪ್ಪಬಾರದು ಎಂದರು ಡಾಕ್ಟರು.

ಮನೆಗೆ ಬಂದ ಮೇಲೆ, ಭಯವಿಲ್ಲ ಎಂಬುದು ಗಟ್ಟಿಯಾದ ಮೇಲೆ, ನುಂಗಿದ ಮಾತು ಮೇಲೆ ಬಂತು. ಬಾಣಂತಿಯ ಊಟ ಉಂಡಿದ್ದೀರಿ, ಬಾಣಂತಿಯ ಪಥ್ಯವನ್ನೂ ಮಾಡಬೇಕು, ಕಿವಿಗೆ ಬಟ್ಟೆ ಕಟ್ಟಿಕೊಂಡು ನಲವತ್ತು ದಿನ ಹೊಸ್ತಿಲು ದಾಟುವಂತಿಲ್ಲ ಎಂದೆ.

ಮಾವ ತಲೆಯಾಡಿಸಿ ಒಪ್ಪಿಕೊಂಡರು. ಮಲಗಲು ಹೋದವರು ಒಳಗಿನಿಂದ ಹೇಳಿದರು: "ಹಂಗಾದ್ರ ಅಂಟಿನುಂಡಿನೂ ನಲವತ್ತು ದಿನ ಕೊಡಬೇಕಾಗ್ತದ. ಪದ್ಧತಿ ಅಂದ್ರ ಪದ್ಧತಿ."

೬. ಹುಟ್ಟು ನಾಲಿಗೆಯ ಸಾಕ್ಷಿ

ಅಂದಿನಿಂದ ಮಾವ ನಿಜಕ್ಕೂ ತಿನ್ನುವುದನ್ನು ಬಿಟ್ಟರು. ವಾದವನ್ನು ಬಿಡಲಿಲ್ಲ. ಪುಂಡಿಪಲ್ಯ, ಜೋಳದ ರೊಟ್ಟಿ, ಹೆಸರುಕಾಳು, ಸೌತೆಕಾಯಿ ಮುಂದಿಟ್ಟರೆ ಸುಮ್ಮನೆ ಉಣ್ಣುತ್ತಿದ್ದರು. ಕೈತೊಳೆದುಕೊಂಡ ಮೇಲೆ ಶುರು. ನಾನು ಉಂಡದ್ದು ಹೆದರಿಕೆಗೆ, ರುಚಿಗಲ್ಲ. ರುಚಿ ಎಂದರೆ ಎಣ್ಣೆ, ಎಣ್ಣೆ ಎಂದರೆ ರುಚಿ. ಬೇಕಾದರೆ ಏನೂ ಅರಿಯದ ಕೂಸಿನ ಮುಂದೆ ಇಟ್ಟು ನೋಡು ಎನ್ನುತ್ತಿದ್ದರು.

ಈ ಮಾತು ನನಗೂ ಹೌದೆನ್ನಿಸಿತು. ನನ್ನ ಮಗಳು ಅಲ್ಲಿಯ ತನಕ ಕರಿದದ್ದನ್ನು ತಿಂದವಳಲ್ಲ. ಅವಳ ನಾಲಿಗೆಗೆ ರೂಢಿ ಇಲ್ಲ, ಬಂಡಿಯ ಗೀಳಿಲ್ಲ, ಗೆಳೆಯರಿಲ್ಲ. ಅವಳು ಎಣ್ಣೆಯದನ್ನು ಎತ್ತಿಕೊಂಡರೆ ಮಾವ ಗೆದ್ದರು, ಬೇಯಿಸಿದ್ದನ್ನು ಎತ್ತಿಕೊಂಡರೆ ನಾನು ಗೆದ್ದೆ. ಸೋತವರು ಇನ್ನು ಈ ಮಾತು ಎತ್ತಬಾರದು. ಪಂಚರಾಗಿ ಚಾಚಿಯನ್ನು ಕರೆದೆವು.

ಚಾಪೆಯ ಮೇಲೆ ಎರಡು ತಟ್ಟೆ ಇಟ್ಟೆ. ಒಂದರಲ್ಲಿ ಒಂದು ತುಂಡು ಇಡ್ಲಿ, ಇನ್ನೊಂದರಲ್ಲಿ ಚಾಚಿ ಕರಿದು ತಂದ ಒಂದು ತುಂಡು ಪೂರಿ. ಉಪ್ಪು ಖಾರ ಎರಡಕ್ಕೂ ಇಲ್ಲ, ಅದನ್ನು ಮಾವನೇ ನೆಕ್ಕಿ ನೋಡುತ್ತೇನೆ ಎಂದರು, ನಾನು ಬಿಡಲಿಲ್ಲ. ತಟ್ಟೆಗಳ ಆಚೆ ಮಾವ, ಈಚೆ ನಾನು. ಯಾರೂ ಕರೆಯಬಾರದು, ಕಣ್ಣು ಹೊಡೆಯಬಾರದು ಎಂದು ಚಾಚಿಯ ಹುಕುಂ.

ಮಗಳನ್ನು ನಡುವೆ ಬಿಟ್ಟೆವು. ಅವಳು ಇಡ್ಲಿಯನ್ನು ನೋಡಿದಳು. ನನ್ನ ಎದೆ ಹಿಗ್ಗಿತು. ಪೂರಿಯನ್ನು ನೋಡಿದಳು. ಮಾವ ಉಸಿರು ಬಿಗಿ ಹಿಡಿದರು. ಇಡ್ಲಿಯ ಮೇಲೆ ಒಂದು ಕೈ, ಪೂರಿಯ ಮೇಲೆ ಒಂದು ಮೊಣಕಾಲು ಊರಿ ಎರಡನ್ನೂ ದಾಟಿ ಹೋದಳು. ಹೋಗಿ ತಾತನ ತೊಡೆ ಹತ್ತಿದಳು. ತಾತನ ಅಂಗಿಯ ಜೇಬಿಗೆ ಕೈ ಹಾಕಿ, ಡಾಕ್ಟರು ಬರೆದುಕೊಟ್ಟ ಆ ಬೇಡದ ತಿಂಡಿಗಳ ಚೀಟಿಯನ್ನು ಎಳೆದು ಬಾಯಿಗೆ ತುಂಬಿಕೊಂಡಳು. ನಾನು ಬೆರಳು ಹಾಕಿ ತೆಗೆಯುವ ಹೊತ್ತಿಗೆ ಅರ್ಧ ಚೀಟಿ ಒದ್ದೆ ಮುದ್ದೆಯಾಗಿತ್ತು.

ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ ಎಂದು ಚಾಚಿ ತೀರ್ಪು ಕೊಟ್ಟು ಎದ್ದರು. ಮಾವ ಒಪ್ಪಲಿಲ್ಲ. ಮೊಮ್ಮಗಳ ಬಾಯಿ ಒರೆಸುತ್ತ ಹೆಮ್ಮೆಯಿಂದ ಅಂದರು:

"ಅದರಾಗ ಬರೇ ಕರಿದದ್ದರ ಹೆಸರು ಇದ್ದವು. ಹೆಸರಿಗೇ ಇಷ್ಟು ರುಚಿ ಹತ್ತ್ಯಾದ ಕೂಸಿಗೆ."

೭. ಒಂದೇ ಒಂದು

ಮೂರು ತಿಂಗಳು ತುಂಬಿದ ದಿನ ಬೆಳಿಗ್ಗೆ ಮಾವ ಬರಿಹೊಟ್ಟೆಯಲ್ಲಿ ಎದ್ದು, ಸ್ನಾನ ಮಾಡಿ, ಮೊಮ್ಮಗಳನ್ನು ಎತ್ತಿಕೊಂಡು ಬಹಳ ಹೊತ್ತು ಅಂಗಳದಲ್ಲಿ ತಿರುಗಾಡಿದರು. ಮನೆಯ ಪತ್ರ ಎಲ್ಲಿದೆ, ಪಿಂಚಣಿಯ ಕಾಗದ ಎಲ್ಲಿದೆ ಎಂದು ನಮ್ಮ ಮನೆಯವರಿಗೆ ತೋರಿಸಿಟ್ಟರು. ಯಾದಗಿರಿಗೆ ಹೋಗುವ ಬಸ್ಸಿನಲ್ಲಿ ನಾನು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನೆಪಕ್ಕೆ ಅದೂ ಇದೂ ಮಾತಾಡಿದೆ. ಅವರು ಎಲ್ಲದಕ್ಕೂ ಹೂಂ ಅಂದರು. ವಾದ ಮಾಡದ ಮಾವನನ್ನು ನೋಡಿ ನನಗೆ ಹೆಚ್ಚು ಹೆದರಿಕೆಯಾಯಿತು.

ರಕ್ತ ಕೊಟ್ಟು, ಕಾದು ಕೂತು, ಕಾಗದ ಹಿಡಿದು ಡಾಕ್ಟರ ಮುಂದೆ ಹೋದೆವು. ಡಾಕ್ಟರು ಹಳೆಯ ಕಾಗದ ನೋಡಿದರು, ಹೊಸದು ನೋಡಿದರು, ಮತ್ತೆ ಹಳೆಯದು ನೋಡಿದರು. ಚೆನ್ನಾಗಿ ಇಳಿದಿದೆ, ಕಲಬುರಗಿ ಬೇಡ, ಗುಳಿಗೆ ಮುಂದುವರಿಸಿ, ಊಟ ಹೀಗೆಯೇ ಇರಲಿ ಎಂದರು. ಮಾವ ಎರಡೂ ಕೈ ಜೋಡಿಸಿದರು. ನನ್ನ ಕಡೆ ತೋರಿಸಿ, ಇಳಿಸಿದವಳು ಈಕೆ, ನಾನು ಬರೀ ಬೈಸಿಕೊಂಡವನು ಎಂದರು. ಡಾಕ್ಟರು ನಕ್ಕು, ಇಷ್ಟು ಮಾಡಿದ್ದೀರಿ, ಅಷ್ಟು ಆಸೆಯಾದರೆ ತಿಂಗಳಿಗೊಮ್ಮೆ ಒಂದು ಭಜಿ ತಿನ್ನಿ, ಒಂದೇ ಒಂದು ಎಂದರು.

ಆಮೇಲೆ ಮಾವನನ್ನು ಹಿಡಿಯುವವರು ಯಾರು? ಬಸ್ಸಿನ ತುಂಬ ಅವರದೇ ಮಾತು. ಪಕ್ಕದಲ್ಲಿ ಕೂತಿದ್ದ ಬಳಿಚಕ್ರ ಊರಿನ ರೈತನೊಬ್ಬನಿಗೆ ಭಜಿಯ ಗುಣಗಾನ ಮಾಡಿದರು. ಮೂರು ತಿಂಗಳು ಬಿಟ್ಟಿದ್ದರೂ ನಾಲಿಗೆ ಮರೆತಿಲ್ಲ, ಹುಟ್ಟಿನ ರುಚಿ ಎಂದರೆ ಹೀಗೆ, ಇವತ್ತು ಶಹಾಪುರದಲ್ಲಿ ನನ್ನ ಸೊಸೆಗೆ ತೋರಿಸುತ್ತೇನೆ ಎಂದರು.

ಇಳಿದವರೇ ನೆಟ್ಟಗೆ ಬಂಡಿಗೆ. ಸುದ್ದಿ ಕೇಳಿ ಬಂಡಿಯವನು ಕುಣಿದುಬಿಟ್ಟ. ದಿನಾ ಸೇರುವ ಏಳೆಂಟು ಜನ ಗಿರಾಕಿಗಳು ಮಾವನ ಸುತ್ತ ನೆರೆದರು. ದಪ್ಪನೆಯ ಮೆಣಸಿನಕಾಯಿಯೊಂದನ್ನು ಆರಿಸಿ, ಹಿಟ್ಟಿನಲ್ಲಿ ಅದ್ದಿ, ಕಪ್ಪು ಎಣ್ಣೆಯಲ್ಲಿ ತೇಲಿಬಿಟ್ಟು, ಚಿನ್ನದ ಬಣ್ಣಕ್ಕೆ ಬಂದಾಗ ಎತ್ತಿ ಕಾಗದದ ಮೇಲೆ ಇಟ್ಟುಕೊಟ್ಟ. ಮಾವ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಎಲ್ಲರನ್ನೂ ಒಮ್ಮೆ ನೋಡಿದರು. ನನ್ನನ್ನು ಎರಡು ಸಲ ನೋಡಿದರು. ಆಮೇಲೆ ಕಚ್ಚಿದರು.

ನನ್ನ ಸೊಂಟದ ಮೇಲಿದ್ದ ಮಗಳು ಜ್ವರದ ಔಷಧ ಕುಡಿಸಿದಾಗಲೆಲ್ಲ ಒಂದು ಮುಖ ಮಾಡುತ್ತಾಳೆ. ಹುಬ್ಬು ಮೇಲೆ, ಕೆಳತುಟಿ ಹೊರಗೆ. ಅದೇ ಮುಖ ಮಾವನಿಗೆ ಬಂತು. ಒಂದು ಗಳಿಗೆ ಅಷ್ಟೇ, ಬೇರೆ ಯಾರೂ ನೋಡಲಿಲ್ಲ. ನಾನು ಮೂರು ತಿಂಗಳು ಆ ಮುಖವನ್ನೇ ಕಾಯ್ದವಳು, ನನಗೆ ಕಂಡಿತು. ಬೆರಳಿಗೆ ಅಂಟಿದ ಎಣ್ಣೆಯನ್ನು ಅವರು ಮೆಲ್ಲಗೆ ಧೋತರಕ್ಕೆ ಒರೆಸಿದರು. ಮೊದಲಾದರೆ ನೆಕ್ಕುತ್ತಿದ್ದರು.

ಹೇಗಿದೆ ಅಜ್ಜ ಎಂದು ಎಲ್ಲರೂ ಕೇಳಿದರು. ಮಾವ ಗಂಟಲಲ್ಲಿ ಇದ್ದದ್ದನ್ನು ನೂಕಿ, "ಭಾರಿ ಅದ" ಎಂದರು. ಕಣ್ಣಲ್ಲಿ ನೀರು ಬಂದಿತ್ತು. ಸಂತೋಷಕ್ಕೆ ಬಂದದ್ದು ಎಂದು ಬಂಡಿಯವನಿಗೂ ಕಣ್ಣು ತುಂಬಿತು. ಇವತ್ತು ನನ್ನ ಕಡೆಯಿಂದ ಎಂದು ಇನ್ನೂ ನಾಲ್ಕು ಭಜಿ ಕಾಗದದ ಮೇಲೆ ಸುರಿದ.

ಮಾವ ನನ್ನ ಕಡೆ ನೋಡಿದರು. ಮೂರು ತಿಂಗಳಲ್ಲಿ ಮೊದಲ ಸಲ ಆ ಕಣ್ಣುಗಳು, ಬೇಡ ಅನ್ನು ಎನ್ನುತ್ತಿದ್ದವು. ನಾನೂ ಏನು ಕಡಿಮೆಯವಳಲ್ಲ. ಇರಲಿ ತಿನ್ನಿ ಮಾವ, ಇವತ್ತೊಂದು ದಿನ ನಡೆಯುತ್ತದೆ, ಹುಟ್ಟಿನ ರುಚಿ, ನಾನು ಅಡ್ಡ ಬರುವುದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಸೊಸೆ ಎಂದರೆ ಹೀಗಿರಬೇಕು ಎಂದು ಗಿರಾಕಿಗಳು ಮೆಚ್ಚಿದರು. ತಿನ್ರಿ, ತಿನ್ರಿ ಎಂದರು.

ಮಾವ ಎರಡನೆಯದನ್ನು ಎತ್ತಿದರು. ಬಾಯಿಯ ತನಕ ತಂದರು. ಕೈ ಅಲ್ಲೇ ನಿಂತಿತು. ಆಮೇಲೆ ಮಗಳ ಅಂಗಿ ಸರಿಮಾಡುವವರ ಹಾಗೆ ನನ್ನ ಹತ್ತಿರ ಬಗ್ಗಿದರು.

"ಯವ್ವಾ, ಬೈಯಿ ನನಗ. ಎಲ್ಲಾರ ಮುಂದ ಜೋರ್ ಬೈಯಿ."

ಕೇಳಿದ್ದನ್ನು ಕೊಡದೆ ಇರುವವಳಲ್ಲ ನಾನು. ಶುರು ಮಾಡಿದೆ. ವಯಸ್ಸಾಯಿತು, ನಾಚಿಕೆ ಇಲ್ಲ, ಡಾಕ್ಟರು ಒಂದು ಅಂದರೆ ನಿಮಗೆ ಐದು ಕೇಳಿಸುತ್ತದೆಯೇ, ಅಲ್ಲೇ ಇಡಿ ಅದನ್ನು ಎಂದೆ. ಬಸ್ಸಿಗೆ ಕಾಯುತ್ತಿದ್ದವರೂ ತಿರುಗಿ ನೋಡಿದರು. ಮಾವ ಭಜಿಯನ್ನು ಕಾಗದದ ಮೇಲೆ ಇಟ್ಟು, ಲೋಕದ ದುಃಖವನ್ನೆಲ್ಲ ಮುಖದ ಮೇಲೆ ತಂದುಕೊಂಡು ನಿಟ್ಟುಸಿರು ಬಿಟ್ಟರು. ನನಗೇನೋ ಇನ್ನೂ ನಾಲ್ಕು ತಿನ್ನುವ ಮನಸ್ಸಿತ್ತು, ಈಕೆ ಬಿಡಬೇಕಲ್ಲ ಎಂದು ಎಲ್ಲರಿಗೂ ಹೇಳಿದರು. ಜನ ಅಯ್ಯೋ ಪಾಪ ಎಂದರು. ನನ್ನನ್ನು ಈಗಷ್ಟೇ ಮೆಚ್ಚಿದವರೇ ನನ್ನ ಕಡೆ ಕೆಟ್ಟ ಕಣ್ಣಿನಿಂದ ನೋಡಿದರು.

ಸಾಕು ಎಂದು ನಾನು ಬಾಯಿ ಮುಚ್ಚಿ, ಮಗಳನ್ನು ಸರಿಯಾಗಿ ಎತ್ತಿಕೊಂಡು ಮನೆಯ ಕಡೆ ತಿರುಗಿದೆ. ಮಾವ ಹಿಂದಿನಿಂದ ನನ್ನ ಸೆರಗು ಹಿಡಿದು ಎಳೆದರು.

"ಇನ್ನೊಂದಿಷ್ಟು ಬೈಯವ್ವ. ಅವ ಪಾರ್ಸಲ್ ಕಟ್ಟಾಕತ್ತಾನ."